ಒಂದು ರಿಜಿಸ್ಟರ್, ಎರಡು ಮದುವೆ: ಸಲಿಂಗ ವಿವಾಹದ ಸುದ್ದಿ ಕರಾವಳಿಯಲ್ಲಿ ಗೊಂದಲವಾದದ್ದು ಎಲ್ಲಿ?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆಗೆ ವಾಟ್ಸಾಪ್ ಕಾಲದಲ್ಲಿ ಜಾಸ್ತಿ ಕೆಲಸ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಇಲ್ಲ ಅಂದಿತು. ಎರಡೇ ತಿಂಗಳಿಗೆ ‘ಪೋಪ್ ಒಪ್ಪಿಬಿಟ್ಟರು’ ಅನ್ನುವ ಸುದ್ದಿ. 2024ರಲ್ಲಿ ಸಲಿಂಗಿ ಜೋಡಿಗಳಿಗೆ ಬ್ಯಾಂಕಿನ ಜಂಟಿ ಖಾತೆ, ರೇಷನ್ ಕಾರ್ಡ್ ಅಂತ ಕೇಂದ್ರ ಸರ್ಕಾರವೇ ಹೇಳಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಇಲ್ಲ ಅಂದಿತು. ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಮದುವೆ ಆಗದಿದ್ದರೂ ಇಂಥವರು ಕುಟುಂಬ ಕಟ್ಟಿಕೊಳ್ಳಬಹುದು ಅಂದಿತು. ಸೆಪ್ಟೆಂಬರ್‌ನಲ್ಲಿ ಸಾವಿರಕ್ಕೂ ಹೆಚ್ಚು ಸಲಿಂಗಿ, ಲಿಂಗಾಂತರಿ ಕಥೋಲಿಕರು ಮತ್ತು ಅವರ ಮನೆಯವರು ರೋಮ್ ನಗರದಲ್ಲಿ ಜೂಬಿಲಿ ಅನ್ನುವ ಪುಣ್ಯವರ್ಷದ ಯಾತ್ರೆ ಮಾಡಿ ಸಂತ ಪೀಟರ್ ಬಸಿಲಿಕಾದ ಪವಿತ್ರ ದ್ವಾರ ದಾಟಿದ ಫೋಟೋಗಳು ಬಂದವು.

ಹೂಂ, ಊಹೂಂ, ಮತ್ತೆ ಹೂಂ. ಭಾನುವಾರ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತವರು ‘ಹಾಗಾದ್ರೆ ಈಗ ಏನಂತೆ?’ ಅಂತ ಕೇಳಿದರೆ ಅದರಲ್ಲಿ ತಪ್ಪೇನಿದೆ?

ಅಸಲಿಗೆ ಈ ಸುದ್ದಿಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಅವು ಬೇರೆ ಬೇರೆ ವಿಷಯದ ಸುದ್ದಿಗಳು. ಆಶೀರ್ವಾದ ಒಂದು. ಇಗರ್ಜಿಯ ಮದುವೆ ಇನ್ನೊಂದು. ಸರ್ಕಾರದ ಲೆಕ್ಕದ ಮದುವೆ ಮತ್ತೊಂದು. ನಮ್ಮ ಕಡೆ ಕ್ರೈಸ್ತರ ಮನೆಯ ಮದುವೆಯಲ್ಲಿ ಈ ಮೂರೂ ಒಂದೇ ದಿನ, ಒಂದೇ ಸೂರಿನಡಿ, ಒಬ್ಬರೇ ಪಾದ್ರಿಯ ಕೈಯಲ್ಲಿ ಆಗಿಬಿಡುತ್ತವೆ. ಹಾಗಾಗಿ ಮೂರೂ ಒಂದೇ ಅಂತ ನಂಬಿಕೊಂಡಿದ್ದೇವೆ. ಗೊಂದಲದ ಬೇರು ಇಲ್ಲೇ ಇದೆ.

ಪೋಪ್ ಹೂಂ ಅಂದದ್ದು ಯಾವುದಕ್ಕೆ?

2023ರ ಡಿಸೆಂಬರ್ 18ರಂದು ವ್ಯಾಟಿಕನ್ನಿನ ಬೋಧನಾ ವಿಭಾಗ ಒಂದು ಪ್ರಕಟಣೆ ಹೊರಡಿಸಿತು. ಅದರ ಮುಖ್ಯಸ್ಥರು ಕಾರ್ಡಿನಲ್ ವಿಕ್ಟರ್ ಮ್ಯಾನುವೆಲ್ ಫರ್ನಾಂಡಿಸ್. ಒಪ್ಪಿಗೆ ಕೊಟ್ಟವರು ಆಗಿನ ಪೋಪ್ ಫ್ರಾನ್ಸಿಸ್. ಸಲಿಂಗಿ ಜೋಡಿ ಬಂದು ಆಶೀರ್ವಾದ ಕೇಳಿದರೆ ಪಾದ್ರಿ ಕೊಡಬಹುದು ಅಂತ ಅದರಲ್ಲಿತ್ತು. ಫಾರ್ವರ್ಡ್ ಆದದ್ದು ಇಷ್ಟೇ.

ಫಾರ್ವರ್ಡ್ ಆಗದೆ ಉಳಿದ ಭಾಗ ಇನ್ನೂ ದೊಡ್ಡದು. ಈ ಆಶೀರ್ವಾದಕ್ಕೆ ಪೂಜಾವಿಧಿ ಇಲ್ಲ. ಸಿವಿಲ್ ಮದುವೆಯ ಸಮಾರಂಭದ ಜೊತೆ ಇದನ್ನು ಇಟ್ಟುಕೊಳ್ಳುವಂತಿಲ್ಲ. ಮದುವೆಯ ಉಡುಪು, ಮದುವೆಯ ಮಾತು ಯಾವುದೂ ಇರಬಾರದು. ಮದುವೆ ಅಂದರೆ ಒಂದು ಗಂಡು, ಒಂದು ಹೆಣ್ಣು. ಆ ಬೋಧನೆ ಬದಲಾಗಿಲ್ಲ. ಗಲಾಟೆ ಜೋರಾದಾಗ 2024ರ ಜನವರಿ 4ರಂದು ಇನ್ನೊಂದು ಸ್ಪಷ್ಟನೆ ಬಂತು. ಹತ್ತು ಹದಿನೈದು ಸೆಕೆಂಡಿನ ಪ್ರಾರ್ಥನೆಯ ಮಾತು ಇದು ಅಂತ ಅದರಲ್ಲಿ ಬಿಡಿಸಿ ಹೇಳಲಾಯಿತು.

ಆಶೀರ್ವಾದಕ್ಕೂ ಸಂಸ್ಕಾರಕ್ಕೂ ಇರುವ ವ್ಯತ್ಯಾಸ ಉತ್ತರ ಕನ್ನಡದವರಿಗೆ ಹೊಸದೇನಲ್ಲ. ಚಂದಾವರದ ಇಗರ್ಜಿಯ ಹಬ್ಬಕ್ಕೆ ಕ್ರೈಸ್ತರಷ್ಟೇ ಹೋಗುವುದಿಲ್ಲ. ಬೇರೆ ಧರ್ಮದವರೂ ಹರಕೆ ಹೊತ್ತು, ಮೇಣದ ಬತ್ತಿ ಹಿಡಿದು ಬರುತ್ತಾರೆ. ತಲೆ ಮೇಲೆ ಕೈಯಿಡುವ ಪಾದ್ರಿ ನಿಮ್ಮ ಜಾತಿ ಯಾವುದು, ಮದುವೆ ಎಲ್ಲಾಯಿತು ಅಂತ ವಿಚಾರಿಸುವುದಿಲ್ಲ. ಹೊಸ ದೋಣಿಗೂ ತೀರ್ಥ ಚಿಮುಕಿಸುತ್ತಾರೆ. ಅದೇ ಪಾದ್ರಿ ಮದುವೆ ಮಾಡಿಸುವಾಗ ಮಾತ್ರ ಜ್ಞಾನಸ್ನಾನದ ಸರ್ಟಿಫಿಕೇಟಿನಿಂದ ಹಿಡಿದು ಎಲ್ಲವನ್ನೂ ಕೇಳುತ್ತಾರೆ. ಆಶೀರ್ವಾದಕ್ಕೆ ಅರ್ಹತೆ ಬೇಡ, ಸಂಸ್ಕಾರಕ್ಕೆ ಬೇಕು. ವ್ಯಾಟಿಕನ್ ಮಾಡಿದ್ದು ಸಲಿಂಗಿ ಜೋಡಿಯನ್ನು ಮೊದಲನೇ ಸಾಲಿಗೆ ಸೇರಿಸಿದ್ದು. ಎರಡನೇ ಸಾಲು ಎಲ್ಲಿತ್ತೋ ಅಲ್ಲೇ ಇದೆ.

ಆದರೂ ಇದು ಸಣ್ಣ ಬದಲಾವಣೆ ಅಂತ ತಳ್ಳಿಹಾಕುವಂತಿಲ್ಲ. 2021ರ ಮಾರ್ಚ್‌ನಲ್ಲಿ ಇದೇ ವಿಭಾಗ, ದೇವರು ಪಾಪವನ್ನು ಆಶೀರ್ವದಿಸಲಾರ ಅಂತ ಬರೆದು ಬಾಗಿಲು ಹಾಕಿತ್ತು. ಮೂರು ವರ್ಷ ತುಂಬುವುದರೊಳಗೆ ಅದೇ ಬಾಗಿಲು ಒಂದು ಗೇಣು ತೆರೆಯಿತು. ಆಫ್ರಿಕಾದ ಬಿಷಪ್ಪರು ಸಿಟ್ಟಾದದ್ದು ಈ ಒಂದು ಗೇಣಿಗೇ. ಕಾಂಗೋದ ಕಾರ್ಡಿನಲ್ ಫ್ರಿಡೊಲಿನ್ ಅಂಬೊಂಗೊ ಮುಂದಾಳತ್ವದಲ್ಲಿ, ನಮ್ಮ ನೆಲದಲ್ಲಿ ಇದನ್ನು ಜಾರಿ ಮಾಡುವುದಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು.

ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ತೀರಿಕೊಂಡರು. ಮೇ 8ರಂದು ಆಯ್ಕೆಯಾದ 14ನೇ ಲಿಯೋ, ಕುಟುಂಬ ಅಂದರೆ ಗಂಡು ಹೆಣ್ಣಿನ ಸ್ಥಿರ ಸಂಬಂಧ ಅಂತ ಎಂಟೇ ದಿನದಲ್ಲಿ ರಾಯಭಾರಿಗಳ ಮುಂದೆ ಹೇಳಿದರು. ಸದ್ಯಕ್ಕಂತೂ ಬೋಧನೆ ಬದಲಾಗುವ ಲಕ್ಷಣ ಕಾಣುವುದಿಲ್ಲ, ಆದರೆ ಎಲ್ಲರಿಗೂ ಸ್ವಾಗತ ಇದೆ ಅನ್ನುವುದು ಆಮೇಲಿನ ಒಂದು ಸಂದರ್ಶನದಲ್ಲಿ ಅವರು ಹೇಳಿದ ಮಾತಿನ ತಿರುಳು. ಅಂದರೆ ತೆರೆದ ಗೇಣನ್ನು ಅವರು ಮುಚ್ಚಿಲ್ಲ, ಅಗಲ ಮಾಡುವ ಅವಸರವನ್ನೂ ತೋರಿಸಿಲ್ಲ.

ಕೋರ್ಟ್ ಇಲ್ಲ ಅಂದದ್ದು ಯಾವುದಕ್ಕೆ?

ಇಲ್ಲೂ ಪೂರ್ತಿ ಓದಿದವರು ಕಡಿಮೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಎರಡು ಮುಖ್ಯ ವಿಷಯದಲ್ಲಿ ಐವರೂ ಒಂದೇ. ಮದುವೆ ಆಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ. 1954ರ ವಿಶೇಷ ವಿವಾಹ ಕಾಯ್ದೆಯ ಪದಗಳನ್ನು ತಿದ್ದಿ ಸಲಿಂಗಿಗಳನ್ನು ಸೇರಿಸುವುದು ಕೋರ್ಟಿನ ಕೆಲಸವಲ್ಲ, ಸಂಸತ್ತಿನದು.

ಭಿನ್ನಾಭಿಪ್ರಾಯ ಬಂದದ್ದು ಮದುವೆಗಿಂತ ಕೆಳಗಿನ ಮೆಟ್ಟಿಲಿನ ಬಗ್ಗೆ. ಮದುವೆ ಅಂತ ಕರೆಯದೆ, ಒಟ್ಟಿಗೆ ಬಾಳುವ ಜೋಡಿಗೆ ಕಾನೂನಿನ ಮಾನ್ಯತೆ ಕೊಡಬೇಕಾ? ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್ ಹೌದು ಅಂದರು. ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಇಲ್ಲ ಅಂದರು. 3-2. ಒಬ್ಬ ನ್ಯಾಯಮೂರ್ತಿ ಈ ಕಡೆಗೆ ವಾಲಿದ್ದರೆ ಇವತ್ತಿನ ಚರ್ಚೆಯೇ ಬೇರೆ ಇರುತ್ತಿತ್ತು. ಇದನ್ನು ಮರುಪರಿಶೀಲಿಸಿ ಅಂತ ಹಾಕಿದ ಅರ್ಜಿಗಳನ್ನು 2025ರ ಜನವರಿ 9ರಂದು ಇನ್ನೊಂದು ಐವರ ಪೀಠ ವಜಾ ಮಾಡಿತು.

ಎರಡು ಸಂಗತಿ ಸುದ್ದಿಯಲ್ಲಿ ಕಳೆದುಹೋದವು. ಸಲಿಂಗಿಗಳು ಒಟ್ಟಿಗೆ ಇರುವುದು ಅಪರಾಧ ಅಂತ ಈ ತೀರ್ಪು ಹೇಳಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದದ್ದು ದಂಡ ಸಂಹಿತೆಯ 377ನೇ ಸೆಕ್ಷನ್; 2018ರ ಸೆಪ್ಟೆಂಬರ್ 6ರ ತೀರ್ಪು ಅದರ ಆ ಭಾಗವನ್ನು ತೆಗೆದುಹಾಕಿತ್ತು, ಆ ತೀರ್ಪು ಹಾಗೇ ಇದೆ. ಇನ್ನೊಂದು, ವಿಚಾರಣೆಯ ಶುರುವಿನಲ್ಲೇ ಕೋರ್ಟ್ ತಾನು ಯಾವ ಧರ್ಮದ ವೈಯಕ್ತಿಕ ಕಾನೂನಿಗೂ ಕೈ ಹಾಕುವುದಿಲ್ಲ ಅಂದಿತ್ತು. ಚರ್ಚೆ ಇದ್ದದ್ದು ವಿಶೇಷ ವಿವಾಹ ಕಾಯ್ದೆಯ ಬಗ್ಗೆ, ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ 30 ದಿನದ ನೋಟಿಸು ಹಚ್ಚಿ ಆಗುವ ಮದುವೆಯ ಬಗ್ಗೆ. ಯಾವ ಇಗರ್ಜಿಯೂ ಕಟಕಟೆಯಲ್ಲಿ ಇರಲಿಲ್ಲ.

ಪೆನ್ನು ಹಿಡಿದ ಫೋಟೋ

ಹಾಗಿದ್ದರೂ ಕರಾವಳಿಯ ಕ್ರೈಸ್ತರಿಗೆ ಇದು ತಮ್ಮ ಇಗರ್ಜಿಯ ಪ್ರಶ್ನೆ ಅಂತ ಯಾಕೆ ಅನಿಸುತ್ತದೆ? ಉತ್ತರ ಮದುವೆ ಆಲ್ಬಂನಲ್ಲೇ ಇದೆ.

ಉಂಗುರ ತೊಡಿಸಿ, ಪೂಜೆ ಮುಗಿದ ಮೇಲೆ ಮದುಮಕ್ಕಳು ಬಲಿಪೀಠದ ಪಕ್ಕದಲ್ಲೋ ಒಳಕೋಣೆಯಲ್ಲೋ ಇಟ್ಟಿರುವ ಒಂದು ದಪ್ಪ ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ಇಬ್ಬರು ಸಾಕ್ಷಿಗಳೂ ಹಾಕುತ್ತಾರೆ, ಪಾದ್ರಿಯೂ ಹಾಕುತ್ತಾರೆ. ಫೋಟೋದವರಿಗೆ ಇದು ಬಿಡುವಂತಿಲ್ಲದ ಶಾಟ್. ಪೆನ್ನು ಕಾಗದದ ಮೇಲೆ, ಕಣ್ಣು ಕ್ಯಾಮೆರಾ ಮೇಲೆ. ಆ ಒಂದು ಸಹಿಯಲ್ಲಿ ಎರಡು ಮದುವೆ ಆಗುತ್ತಿದೆ ಅನ್ನುವುದು ಸಹಿ ಹಾಕುವವರಿಗೂ ಹೊಳೆಯುವುದಿಲ್ಲ. ಒಂದು, ದೇವರ ಮುಂದಿನ ವಿವಾಹ ಸಂಸ್ಕಾರ. ಇನ್ನೊಂದು, 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರದ ಸರ್ಕಾರಿ ಮದುವೆ. ಬ್ರಿಟಿಷರ ಈ ಕಾಯ್ದೆ ಪಾದ್ರಿಗೆ ಮದುವೆ ಮಾಡಿಸುವ ಅಧಿಕಾರ ಕೊಟ್ಟಿತು. ಇಗರ್ಜಿಯ ರಿಜಿಸ್ಟರಿನ ವಿವರಗಳನ್ನು ಮೂರು ತಿಂಗಳಿಗೊಮ್ಮೆ ಸರ್ಕಾರದ ರಿಜಿಸ್ಟ್ರಾರ್ ಜನರಲ್‌ಗೆ ಕಳಿಸಬೇಕು ಅಂತಲೂ ಹೇಳಿತು. ಪೂಜೆ ಮಾಡಿದ ಪಾದ್ರಿಯೇ ಆ ಹೊತ್ತಿಗೆ ಸರ್ಕಾರದ ಗುಮಾಸ್ತರೂ ಹೌದು ಅಂದರೆ ತಮಾಷೆ ಅನಿಸಬಹುದು, ಆದರೆ ವಿಷಯ ಅದೇ.

ಈಗ ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದು ಗೋವಾದ ಪೋಳೆಂಗೆ ಹೋಗಿ. ಒಂದೇ ಕೊಂಕಣಿ, ಒಂದೇ ಪೂಜೆ, ಎಷ್ಟೋ ಕಡೆ ಒಂದೇ ಮನೆತನ. ಮದುವೆಯ ದಾರಿ ಮಾತ್ರ ಬೇರೆ. ಅಲ್ಲಿ ನಡೆಯುವುದು ಪೋರ್ಚುಗೀಸರ 1867ರ ಸಿವಿಲ್ ಕೋಡ್. ಕಥೋಲಿಕ ಜೋಡಿಯೂ ಮೊದಲು ಸಿವಿಲ್ ರಿಜಿಸ್ಟ್ರಾರ್ ಹತ್ತಿರ ಹೋಗಿ ಮದುವೆಯ ಇಚ್ಛೆ ದಾಖಲಿಸಬೇಕು. ಅಲ್ಲಿಂದ ಪತ್ರ ಸಿಕ್ಕ ಮೇಲೆ ಇಗರ್ಜಿ. ಸರ್ಕಾರದ ಮೇಜು ಒಂದು, ದೇವರ ಮೇಜು ಇನ್ನೊಂದು ಅನ್ನುವುದು ಗೋವಾದವರ ಕಾಲಿಗೇ ಗೊತ್ತು, ಎರಡೂ ಕಡೆ ನಡೆದಿರುತ್ತಾರಲ್ಲ. ಕಾರವಾರದವರು ಒಂದೇ ಕಡೆ ನಡೆದಿರುತ್ತಾರೆ.

ಒಂದು ವಿಚಿತ್ರವನ್ನೂ ಹೇಳಿಬಿಡಬೇಕು. ಗೋವಾಕ್ಕೆ ಆ ಕೋಡ್ ಕೊಟ್ಟ ಪೋರ್ಚುಗಲ್ 2010ರಲ್ಲೇ ಸಲಿಂಗ ವಿವಾಹವನ್ನು ಕಾನೂನು ಮಾಡಿತು. ಕೊಟ್ಟವರು ಬದಲಾದರು. ಇಟ್ಟುಕೊಂಡ ಗೋವಾದಲ್ಲಿ ಮದುವೆ ಇವತ್ತಿಗೂ ಗಂಡು ಹೆಣ್ಣಿನ ಒಪ್ಪಂದವೇ. ಪೋರ್ಚುಗಲ್‌ನಲ್ಲಾಗಲಿ, 2015ರ ಜನಮತದಲ್ಲಿ ಶೇ 62ರಷ್ಟು ಮಂದಿ ಹೌದು ಅಂದ ಐರ್ಲೆಂಡ್‌ನಲ್ಲಾಗಲಿ ಕಥೋಲಿಕ ಇಗರ್ಜಿಗಳಲ್ಲಿ ಇಂಥ ಮದುವೆ ಆಗುತ್ತಿಲ್ಲ. ಎರಡೂ ಕಥೋಲಿಕರೇ ಹೆಚ್ಚಿರುವ ದೇಶಗಳು. ಸರ್ಕಾರದ ಮೇಜಿನಲ್ಲಿ ಆಗುತ್ತಿದೆ, ದೇವರ ಮೇಜಿನಲ್ಲಿ ಇಲ್ಲ.

ಪಾಪ ಬೇರೆ, ಅಪರಾಧ ಬೇರೆ

ಈ ಎರಡು ಮೇಜುಗಳು ಕಲಸಿಹೋದದ್ದು ಮದುವೆಯಲ್ಲಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 1533ಕ್ಕೆ ಮುಂಚೆ ಸಲಿಂಗ ಸಂಬಂಧ ಚರ್ಚಿನ ನ್ಯಾಯಾಲಯಗಳು ನೋಡಿಕೊಳ್ಳುವ ಪಾಪವಾಗಿತ್ತು. 8ನೇ ಹೆನ್ರಿ ಅದನ್ನು ರಾಜನ ಕೋರ್ಟಿಗೆ ಎಳೆದು ಗಲ್ಲು ಶಿಕ್ಷೆಯ ಅಪರಾಧ ಮಾಡಿದ. ಆ ಕಾನೂನಿನ ಮರಿಮೊಮ್ಮಗನಂತೆ ನಮ್ಮಲ್ಲಿಗೆ ಬಂದದ್ದು ದಂಡ ಸಂಹಿತೆಯ 377. ಜಾರಿಗೆ ಬಂದದ್ದು 1862ರಲ್ಲಿ.

ಫ್ರಾನ್ಸಿಸ್ 2023ರ ಜನವರಿಯಲ್ಲಿ ಎಪಿ ಸುದ್ದಿಸಂಸ್ಥೆಗೆ ಹೇಳಿದ್ದು ಈ ಗಂಟನ್ನು ಬಿಚ್ಚುವ ಮಾತು. ಸಲಿಂಗಿಯಾಗಿರುವುದು ಅಪರಾಧವಲ್ಲ. ಪಾಪ ಅನ್ನುವವರು ಅನ್ನಲಿ, ಆದರೆ ಪಾಪಕ್ಕೂ ಅಪರಾಧಕ್ಕೂ ವ್ಯತ್ಯಾಸ ನೋಡೋಣ ಅಂದರು. ನಮ್ಮ ದೇಶದಲ್ಲಿ ಇದನ್ನು ಒಂಬತ್ತು ವರ್ಷ ಮೊದಲೇ ಒಬ್ಬರು ಹೇಳಿದ್ದರು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 377ನ್ನು ಮತ್ತೆ ಎತ್ತಿ ಹಿಡಿದಾಗ, ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಸಲಿಂಗಿಗಳನ್ನು ಧರ್ಮಸಭೆ ಯಾವತ್ತೂ ಅಪರಾಧಿಗಳು ಅಂತ ಕಂಡಿಲ್ಲ ಅಂದರು. ಅವರು ಸಲಿಂಗ ವಿವಾಹಕ್ಕೆ ವಿರೋಧಿಯೇ. ಆದರೂ ಪೊಲೀಸರ ಕೈಗೆ ಕೊಡುವುದನ್ನು ಒಪ್ಪಲಿಲ್ಲ.

ಶ್ರೀಗ್ರಂಥ ಒಂದೇ, ಓದು ಎರಡು

ವಿರೋಧಿಸುವವರು ಯಾಜಕಕಾಂಡದ 18 ಮತ್ತು 20ನೇ ಅಧ್ಯಾಯ, ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ಮುಂದಿಡುತ್ತಾರೆ. ಅದಕ್ಕಿಂತ ಗಟ್ಟಿಯಾದ ಅವರ ಆಧಾರ ಆದಿಕಾಂಡ: ದೇವರು ಗಂಡು ಹೆಣ್ಣಾಗಿ ಉಂಟುಮಾಡಿದ, ಇಬ್ಬರೂ ಒಂದೇ ಶರೀರ. ಮತ್ತಾಯನ ಸುವಾರ್ತೆಯ 19ರಲ್ಲಿ ಯೇಸು ಇದನ್ನೇ ನೆನಪಿಸುತ್ತಾರೆ. ಹಾಗಾಗಿ ಇದು ಒಂದೆರಡು ನಿಷೇಧದ ವಚನದ ಪ್ರಶ್ನೆ ಅಲ್ಲ, ಮದುವೆಯ ಅರ್ಥದ ಪ್ರಶ್ನೆ ಅನ್ನುವುದು ಅವರ ವಾದ. ಇದನ್ನು ಬರೀ ದ್ವೇಷ ಅಂತ ಕರೆದು ಮುಗಿಸುವುದು ಸರಿಯಲ್ಲ.

ಇನ್ನೊಂದು ಕಡೆಯವರು ಕೇಳುತ್ತಾರೆ: ಯಾಜಕಕಾಂಡ ಚಿಪ್ಪಿ, ಸಿಗಡಿಯನ್ನೂ ಬೇಡ ಅನ್ನುತ್ತದೆ, ಅಲ್ವಾ? (ಕಾರವಾರದ ಮೀನು ಪೇಟೆಯಲ್ಲಿ ಆ ವಚನವನ್ನು ಪಾಲಿಸುವ ಕ್ರೈಸ್ತರು ಸಿಗುವುದು ಕಷ್ಟ.) ಪೌಲರ ಪತ್ರದ ಗ್ರೀಕ್ ಪದ ಯಾವ ಬಗೆಯ ಸಂಬಂಧವನ್ನು ಹೇಳುತ್ತದೆ ಅನ್ನುವುದರಲ್ಲೇ ಪಂಡಿತರಿಗೆ ಜಗಳವಿದೆ. ಸೊದೋಮಿನ ಪಾಪ ಏನು ಅಂತ ಯೆಹೆಜ್ಕೇಲ 16ರಲ್ಲಿ ಬಿಡಿಸಿ ಹೇಳಿದೆ: ಸೊಕ್ಕು, ಹೊಟ್ಟೆ ತುಂಬಿದ ಮದ, ಬಡವರಿಗೆ ಕೈ ಚಾಚದ್ದು.

ಕಥೋಲಿಕರಿಗೆ ಇದರ ಜೊತೆ 1992ರ ಕ್ಯಾಟೆಕಿಸಂ, ಅಂದರೆ ಧರ್ಮಸಭೆಯ ಬೋಧನೆಗಳ ಅಧಿಕೃತ ಪುಸ್ತಕ ಇದೆ. ಅದರ 2357ನೇ ಅಂಶ ಸಲಿಂಗ ಕ್ರಿಯೆಯನ್ನು ಸ್ವಭಾವತಃ ಕ್ರಮ ತಪ್ಪಿದ್ದು ಅನ್ನುತ್ತದೆ. ಕಠಿಣ ಮಾತು, ಎಷ್ಟು ಮೆತ್ತಗೆ ಅನುವಾದಿಸಿದರೂ ನೋಯಿಸುತ್ತದೆ. ಮುಂದಿನ 2358, ಇಂಥವರನ್ನು ಗೌರವ, ಕನಿಕರ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವದ ಸುಳಿವೂ ಇರಬಾರದು ಅನ್ನುತ್ತದೆ. ಪ್ರವಚನಗಳಲ್ಲಿ ಮೊದಲನೆಯದು ಕೇಳಿಸುವಷ್ಟು ಎರಡನೆಯದು ಕೇಳಿಸುವುದಿಲ್ಲ.

ಕ್ರೈಸ್ತರೆಲ್ಲ ಒಂದೇ ದನಿಯಲ್ಲಿಲ್ಲ

2011ರ ಜನಗಣತಿಯಲ್ಲಿ ಉತ್ತರ ಕನ್ನಡದ 14.37 ಲಕ್ಷ ಜನರಲ್ಲಿ ಕ್ರೈಸ್ತರು ಸುಮಾರು ಶೇ 3. ಹೆಚ್ಚಿನವರು ಕಥೋಲಿಕರು. ಕರಾವಳಿಯ ಕೊಂಕಣಿಗರಿಂದ ಹಳಿಯಾಳ ಕಡೆಯ ಸಿದ್ದಿಗಳವರೆಗೆ, 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತ್ಯದಲ್ಲಿದ್ದಾರೆ. ಹಾಗಾಗಿ ಇಲ್ಲಿ ‘ಕ್ರೈಸ್ತರ ನಿಲುವು’ ಅಂದರೆ ರೋಮ್‌ನ ನಿಲುವು ಅಂತ ಸುಮ್ನೆ ಅಂದುಕೊಳ್ಳುತ್ತೇವೆ.

ದೇಶದ ಮಟ್ಟದಲ್ಲಿ ಹಾಗಿಲ್ಲ. 2018ರಲ್ಲಿ 377 ತೆಗೆಯಬೇಡಿ ಅಂತ ಸುಪ್ರೀಂ ಕೋರ್ಟಿನ ಮುಂದೆ ನಿಂತವರಲ್ಲಿ ಅಪೊಸ್ತಲಿಕ್ ಅಲಯನ್ಸ್ ಆಫ್ ಚರ್ಚಸ್ ಮತ್ತು ಉತ್ಕಲ್ ಕ್ರಿಶ್ಚಿಯನ್ ಅಸೋಸಿಯೇಷನ್ ಇದ್ದವು. ಅದೇ ಹೊತ್ತಿಗೆ ಪ್ರಾಟೆಸ್ಟೆಂಟ್ ಮತ್ತು ಆರ್ಥಡಾಕ್ಸ್ ಸಭೆಗಳ ಒಕ್ಕೂಟವಾದ ಭಾರತದ ಸಭೆಗಳ ರಾಷ್ಟ್ರೀಯ ಮಂಡಳಿ, ಸಲಿಂಗಿಗಳ ಮೇಲಿನ ತಿರಸ್ಕಾರದ ವಿರುದ್ಧ ಮಾತಾಡುತ್ತಾ ಬಂದಿತ್ತು. ಹೊರದೇಶಗಳಲ್ಲಿ ಬಿರುಕು ಇನ್ನೂ ಅಗಲ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ 2024ರ ಮೇ ತಿಂಗಳಲ್ಲಿ ಸಲಿಂಗಿ ಪಾದ್ರಿಗಳ ಮೇಲಿನ ನಿಷೇಧ ತೆಗೆಯಿತು. ಆದರೆ ಅಷ್ಟರೊಳಗೆ 7,600ಕ್ಕೂ ಹೆಚ್ಚು ಸ್ಥಳೀಯ ಸಭೆಗಳು ಬಿಟ್ಟುಹೋಗಿದ್ದವು.

ಭಯದಲ್ಲಿ ಎಷ್ಟು ನಿಜ?

‘ಇವತ್ತು ಸಬ್ ರಿಜಿಸ್ಟ್ರಾರ್ ಆಫೀಸು, ನಾಳೆ ನಮ್ಮ ಬಲಿಪೀಠ’ ಅನ್ನುವ ಭಯ ಎಲ್ಲಕ್ಕಿಂತ ಸಾಮಾನ್ಯ. ಇದಕ್ಕೆ ಹೊರದೇಶಕ್ಕೆ ಹೋಗಿ ಉತ್ತರ ತರಬೇಕಾಗಿಲ್ಲ. ಕೋರ್ಟಿನಲ್ಲಿ ಡೈವೋರ್ಸ್ ಪಡೆದ ಕಥೋಲಿಕರಿಗೆ ಮತ್ತೆ ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ. ಆದರೂ ಹಿಂದಿನ ಮದುವೆ ಅಸಿಂಧು ಅಂತ ಧರ್ಮಸಭೆಯ ನ್ಯಾಯಮಂಡಳಿ ಹೇಳುವವರೆಗೆ ಪಾದ್ರಿ ಇನ್ನೊಂದು ಮದುವೆ ಮಾಡಿಸುವುದಿಲ್ಲ. ಸರ್ಕಾರ ಒಪ್ಪಿದ ಮದುವೆಯನ್ನು ಇಗರ್ಜಿ ಒಪ್ಪಬೇಕಾಗಿಲ್ಲ, ಇದು ಈಗಲೇ ಇರುವ ಸ್ಥಿತಿ.

ತಿರುಗಿಸಿ ನೋಡಿದರೂ ಅಷ್ಟೇ. ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್, ಮದುವೆ ರದ್ದು ಅಂತ ಧರ್ಮಸಭೆಯ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಸರ್ಕಾರವೂ ಮಾನ್ಯ ಮಾಡಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಮದುವೆ ಮಾಡಿಸುವಾಗ ಒಂದಾಗಿ ಕಂಡ ಎರಡು ಮೇಜು, ಮುರಿಯುವಾಗ ಬೇರೆ ಬೇರೆ ಅಂತ ಕರಾವಳಿಯವರಿಗೆ ಗೊತ್ತಾದದ್ದು ಹೀಗೆ.

ಭಯಕ್ಕೆ ನಿಜವಾದ ಕಾರಣ ಇರುವುದು ಬಲಿಪೀಠದ ಮುಂದಲ್ಲ, ಧರ್ಮಸಭೆ ನಡೆಸುವ ಶಾಲೆ, ಆಸ್ಪತ್ರೆ, ಹಾಸ್ಟೆಲು, ಅನಾಥಾಲಯದ ಆಫೀಸಿನಲ್ಲಿ. ಬಾಸ್ಟನ್ ಕಥೋಲಿಕ ಸೇವಾಸಂಸ್ಥೆ 2006ರಲ್ಲಿ ದತ್ತು ಕೊಡುವ ಕೆಲಸವನ್ನೇ ನಿಲ್ಲಿಸಿತು, ಸಲಿಂಗಿ ಜೋಡಿಗೂ ಕೊಡಬೇಕು ಅನ್ನುವ ನಿಯಮ ಇದ್ದದ್ದಕ್ಕೆ. ಫಿಲಡೆಲ್ಫಿಯಾದ ಅಂಥದೇ ಸಂಸ್ಥೆಯ ಪರ ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಒಮ್ಮತದ ತೀರ್ಪು ಕೊಟ್ಟಿತು. ಇಂಥ ತಕರಾರು ಇಲ್ಲಿಗೂ ಬರಬಹುದು. ಅವು ಸುಲಭದ ಪ್ರಶ್ನೆಗಳಲ್ಲ.

ಇನ್ನೊಂದು ತೊಡಕನ್ನು ಮರೆಮಾಚಬಾರದು. ಧರ್ಮಸಭೆ ತನ್ನ ಮೇಜಿನಲ್ಲಷ್ಟೇ ಬೇಡ ಅನ್ನುತ್ತಿಲ್ಲ. 2003ರ ವ್ಯಾಟಿಕನ್ ದಾಖಲೆ, ಸರ್ಕಾರ ಇಂಥ ಸಂಬಂಧಕ್ಕೆ ಮಾನ್ಯತೆ ಕೊಡುವುದನ್ನೂ ಕಥೋಲಿಕರು ವಿರೋಧಿಸಬೇಕು ಅನ್ನುತ್ತದೆ. ಫ್ರಾನ್ಸಿಸ್ ಸಿವಿಲ್ ಒಡಂಬಡಿಕೆಯ ಪರ ಆಡಿದ ಮಾತು 2020ರಲ್ಲಿ ಹೊರಬಂತು. ಆದರೆ ಹಳೆಯ ದಾಖಲೆಯನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಸರ್ಕಾರವೂ ಮಾನ್ಯತೆ ಕೊಡಬಾರದು ಅನ್ನುವ ಈ ವಾದ ನನಗೆ ದುರ್ಬಲವಾಗಿ ಕಾಣುತ್ತದೆ. ನೂರಕ್ಕೆ ಮೂರರಷ್ಟಿರುವ ಸಮುದಾಯ, ನಮ್ಮ ಬೋಧನೆ ಎಲ್ಲರಿಗೂ ಕಾನೂನಾಗಲಿ ಅಂದರೆ, ನಾಳೆ ಬೇರೆಯವರ ಬೋಧನೆ ತನಗೆ ಕಾನೂನಾಗುವಾಗ ಯಾವ ಬಾಯಿಂದ ಬೇಡ ಅನ್ನುತ್ತದೆ?

ಮಣಿಪಾಲದಲ್ಲಿ ಸಹಿ ಯಾರದ್ದು?

ಮದುವೆಯ ಹಕ್ಕು ಇಲ್ಲದ್ದರಿಂದ ಏನು ಹೋಯಿತು ಅನ್ನುವುದು ಕಷ್ಟ ಬಂದಾಗ ಗೊತ್ತಾಗುತ್ತದೆ. ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಅಂಬುಲೆನ್ಸಿನಲ್ಲಿ ಜೊತೆಗೆ ಬಂದವರು ಯಾರು, ರೋಗಿಗೆ ಏನಾಗಬೇಕು, ಇಲ್ಲಿ ಸಹಿ ಹಾಕಿ. ವೈದ್ಯರ 2002ರ ನಿಯಮಾವಳಿ ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಗಂಡ ಅಥವಾ ಹೆಂಡತಿ, ಮಕ್ಕಳಾದರೆ ತಂದೆತಾಯಿ, ಇಲ್ಲವೇ ರೋಗಿ ಅನ್ನುತ್ತದೆ. ಹತ್ತು ವರ್ಷ ಒಟ್ಟಿಗೆ ಬಾಳಿದ ಸಂಗಾತಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಆಸ್ಪತ್ರೆಯವರು ರಕ್ತಸಂಬಂಧಿಯೇ ಬೇಕು ಅಂದರೆ ಊರಿನಿಂದ ಅಣ್ಣ ಬರುವವರೆಗೆ ಕಾಯಬೇಕು, ಆ ಅಣ್ಣ ಮಾತು ಬಿಟ್ಟು ಎಷ್ಟು ವರ್ಷವಾಗಿದ್ದರೂ.

ಹಣದ ಕಥೆಯೂ ಹೀಗೇ. 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ, ಸಲಿಂಗಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿ ಇಲ್ಲ ಅಂದಿತು. ಒಳ್ಳೆಯದೇ. ಆದರೆ ನಾಮಿನಿ ಅಂದರೆ ವಾರಸುದಾರ ಅಲ್ಲ. ಬ್ಯಾಂಕು ದುಡ್ಡನ್ನು ನಾಮಿನಿ ಕೈಗೆ ಕೊಡುತ್ತದೆ, ಆದರೆ ಕಾನೂನಿನ ವಾರಸುದಾರರು ಬಂದು ನಮ್ಮದು ಅಂದರೆ ಬಿಟ್ಟುಕೊಡಬೇಕು. ಪಿಎಫ್‌ನಲ್ಲಿ ಇನ್ನೂ ಬಿಗಿ: ಕುಟುಂಬ ಇರುವವರು ಹೊರಗಿನವರ ಹೆಸರು ಬರೆದರೆ ಆ ನಾಮಿನೇಷನ್ ನಡೆಯುವುದಿಲ್ಲ. 50,000 ರೂಪಾಯಿ ದಾಟಿದ ಉಡುಗೊರೆಗೆ ಗಂಡ ಹೆಂಡತಿಯ ನಡುವೆ ತೆರಿಗೆ ಇಲ್ಲ, ಸಲಿಂಗಿ ಸಂಗಾತಿಗಳ ನಡುವೆ ಇದೆ. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ನೋಟಿಸು ಕೊಟ್ಟಿತು. ಒಂದು ಪದದ ಅರ್ಥಕ್ಕೆ ಒಂದು ಕೇಸು. ಸಂಸತ್ತು ಮುಟ್ಟದಿದ್ದರೆ ಮುಂದಿನ ವರ್ಷಗಳೆಲ್ಲ ಹೀಗೇ ಚಿಲ್ಲರೆ ಚಿಲ್ಲರೆಯಾಗಿ ಸಾಗುತ್ತವೆ. ಸಂಪುಟ ಕಾರ್ಯದರ್ಶಿ ಮುಂದಾಳತ್ವದ ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಅದರ ವ್ಯಾಪ್ತಿಯೂ ಇಂಥ ಸವಲತ್ತುಗಳೇ, ಮದುವೆಯಲ್ಲ.

ಸದ್ಯಕ್ಕೆ ಉಳಿದಿರುವ ಕಾಗದ

ಹಾಗಾಗಿ ಈ ಹೊತ್ತಿಗೆ ಗಟ್ಟಿ ಕಾಗದ ಅಂದರೆ ವಿಲ್. ಇಲ್ಲೂ ಮಾಜಾಳಿಯ ಗಡಿ ಕೆಲಸ ಮಾಡುತ್ತದೆ. ಗೋವಾದ ಕಾನೂನಿನಲ್ಲಿ ಮಕ್ಕಳು, ತಂದೆತಾಯಿಯಂಥ ಹಕ್ಕಿನ ವಾರಸುದಾರರಿದ್ದರೆ ಆಸ್ತಿಯ ಅರ್ಧ ಅವರಿಗೇ ಹೋಗಬೇಕು. ಅದನ್ನು ವಿಲ್‌ನಿಂದ ತಪ್ಪಿಸಲಾಗದು. ಕಾರವಾರದ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇಲ್ಲಿ ಸ್ವಂತ ಆಸ್ತಿಯನ್ನು ಪೂರ್ತಿಯಾಗಿ ಯಾರಿಗೆ ಬೇಕಾದರೂ ಬರೆಯಬಹುದು. ಬರೆಯದೆ ಸತ್ತರೆ ಸಂಗಾತಿಗೆ ಒಂದು ಪೈಸೆಯೂ ಇಲ್ಲ.

ವಿಲ್ ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಕಡ್ಡಾಯ. ಅವರು ಸಹಿಗೆ ಸಾಕ್ಷಿಗಳೇ ಹೊರತು ಒಳಗೆ ಏನು ಬರೆದಿದೆ ಅಂತ ಅವರಿಗೆ ಹೇಳಬೇಕಾಗಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಊರಿನಲ್ಲಿ ಇದು ದೊಡ್ಡ ಸಮಾಧಾನ. ಆದರೆ ಕ್ರೈಸ್ತರ ಮಟ್ಟಿಗೆ ಈ ಕಾಯ್ದೆಯಲ್ಲಿ ಎರಡು ಬಲೆಗಳಿವೆ. ಸಂಗಾತಿಯೇ ಸಾಕ್ಷಿ ಹಾಕಿದರೆ 67ನೇ ಸೆಕ್ಷನ್ ಪ್ರಕಾರ ಅವರಿಗೆ ಬರೆದ ಪಾಲು ಕೈತಪ್ಪುತ್ತದೆ. ಎರಡನೆಯದು 69ನೇ ಸೆಕ್ಷನ್. ವಿಲ್ ಬರೆದವರು ಆಮೇಲೆ ಮದುವೆಯಾದರೆ ಆ ವಿಲ್ ತಾನಾಗಿಯೇ ರದ್ದು. ಮನೆಯವರ ಒತ್ತಾಯಕ್ಕೆ ಮಣಿದು, ಇಗರ್ಜಿಯ ರಿಜಿಸ್ಟರಿಗೆ ಸಹಿ ಹಾಕಿ, ಕ್ಯಾಮೆರಾ ನೋಡಿ ನಕ್ಕ ಕ್ಷಣದಲ್ಲೇ ಆ ಹಳೆಯ ಕಾಗದಕ್ಕೆ ಬೆಲೆ ಇರುವುದಿಲ್ಲ.